ಮೈಕ್ ಮುಂದೆ ಬರುವ ಮೊದಲು

ರಾಯಚೂರು ಜಿಲ್ಲೆಯ ನಮ್ಮ ಮಾನ್ವಿ, ಸಿರವಾರ ಕಡೆ ಟಿವಿ ಕ್ಯಾಮೆರಾ ಬರುವುದು ಹೆಚ್ಚಾಗಿ ಎರಡು ಹೊತ್ತಿನಲ್ಲಿ. ಚುನಾವಣೆ ಇದ್ದಾಗ, ಇಲ್ಲವೇ ಕಾಲುವೆಗೆ ನೀರು ಬಾರದೆ ರೈತರು ರಸ್ತೆಯಲ್ಲಿ ಕೂತಾಗ. ಚುನಾವಣೆಯಲ್ಲಿ ಮಾತಾಡುವವರು ಬೇರೆ, ಅವರಿಗೆ ಮಾತು ರೂಢಿಯಾಗಿರುತ್ತದೆ. ರಸ್ತೆಯಲ್ಲಿ ಕೂತಾಗ ಮಾತಾಡಬೇಕಾದವರು ನಾವೇ. ಬೆಳಗಿನಿಂದ ಬಿಸಿಲಲ್ಲಿ ಕೂತು, ಘೋಷಣೆ ಕೂಗಿ ಗಂಟಲು ಕಟ್ಟಿದ ಹೊತ್ತಿಗೆ ಚಾನೆಲ್ಲಿನ ಲೋಗೋ ಇರುವ ಮೈಕ್ ಹಿಡಿದ ಹುಡುಗ ಓಡಿಬಂದು, "ಅಣ್ಣಾ, ಒಂದು ಬೈಟ್ ಕೊಡ್ರಿ" ಎನ್ನುತ್ತಾನೆ. ಅವನಿಗೆ ಮತ್ತೆರಡು ಕಡೆ ಹೋಗುವುದಿರುತ್ತದೆ. ಬೈಟ್ ಎಂದರೆ ಕ್ಯಾಮೆರಾ ಮುಂದೆ ಆಡುವ ತುಂಡು ಮಾತು, ಪ್ರಸಾರವಾಗುವುದು ಹದಿನೈದಿಪ್ಪತ್ತು ಸೆಕೆಂಡು. ಅಷ್ಟರಲ್ಲಿ ಒಂದು ಸೀಮೆಯ ಬೆಳೆಯ ಮಾತು ಬೆಂಗಳೂರು ಮುಟ್ಟಬೇಕು.

ನಾನು ಪತ್ರಕರ್ತನಲ್ಲ. ರೈತರ ಮನೆಯವನು. ನಾಲ್ಕಕ್ಷರ ಬರೆಯಲು ಬರುತ್ತದೆ ಎಂದು ಮನವಿಪತ್ರ, ಪ್ರೆಸ್ ನೋಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ವರದಿಗಾರರು ಬರುತ್ತಿದ್ದಾರೆ ಎಂದು ಗೊತ್ತಾದ ಕೂಡಲೇ ಮಾತಾಡುವವರನ್ನು ಟೆಂಟಿನ ಹಿಂದೆ ಕರೆದುಕೊಂಡು ಹೋಗಿ ಹತ್ತು ನಿಮಿಷ ಕೂರಿಸಿಕೊಳ್ಳುವುದೂ ಅದರ ಜೊತೆಗೆ ಸೇರಿಕೊಂಡಿದೆ. "ಏನ್ರೀ, ಪಾಠ ಹೇಳಿಕೊಡಾಕತ್ತೀರೇನು?" ಎಂದು ಕೇಳಿದವರಿದ್ದಾರೆ. ಅವರ ಅನುಮಾನದಲ್ಲಿ ಅರ್ಥವಿದೆ. ಬಾಯಿಪಾಠದ ಮಾತು ಕ್ಯಾಮೆರಾ ಮುಂದೆ ತಟ್ಟನೆ ಗೊತ್ತಾಗಿಬಿಡುತ್ತದೆ, ಅದನ್ನು ಯಾರೂ ನಂಬುವುದಿಲ್ಲ. ಆದ್ದರಿಂದ ನಾನು ಮಾತು ಕೊಡುವುದಿಲ್ಲ, ಪ್ರಶ್ನೆ ಕೇಳುತ್ತೇನೆ. ನೀವು ಕಣ್ಣಾರೆ ಕಂಡದ್ದೇನು, ಮಂದಿ ಹೇಳಿದ್ದು ಕೇಳಿದ್ದೇನು, ನಿಮಗೆ ಬೇಕಾದ್ದೇನು, ಅದನ್ನು ಕೊಡಬೇಕಾದವರು ಯಾರು. ಸಂಕಟದಲ್ಲಿರುವವರ ತಲೆಯಲ್ಲಿ ಈ ನಾಲ್ಕೂ ಕಲೆಸಿಹೋಗಿರುತ್ತವೆ. ಬಿಡಿಸಿಕೊಳ್ಳಲು ಮೈಕಿನ ಮುಂದೆ ಪುರಸೊತ್ತು ಇರುವುದಿಲ್ಲ.

ಹೊರಗಿನವರಿಗಾಗಿ ನಮ್ಮ ಕಾಲುವೆಯ ಬಗ್ಗೆ ಸ್ವಲ್ಪ ಹೇಳಬೇಕು. ತುಂಗಭದ್ರಾ ಎಡದಂಡೆ ನಾಲೆ ಕೊಪ್ಪಳ ಜಿಲ್ಲೆಯ ಮುನಿರಾಬಾದಿನಲ್ಲಿ ಶುರುವಾಗಿ 227 ಕಿಲೋಮೀಟರ್ ಹರಿದು ರಾಯಚೂರು ಮುಟ್ಟುತ್ತದೆ. ಲೆಕ್ಕ ಮಾತ್ರ ಇವತ್ತಿಗೂ ಮೈಲಿಯಲ್ಲೇ ನಡೆಯುತ್ತದೆ, ಒಟ್ಟು 141 ಮೈಲಿ. "69ನೇ ಮೈಲಿಯಲ್ಲಿ ಗೇಜ್ ಎಷ್ಟೈತಿ, 104ರಲ್ಲಿ ಎಷ್ಟೈತಿ" ಎಂದು ನಮ್ಮವರು ದಿನಾ ಕೇಳುವುದು ಇದಕ್ಕೇ. ಆ ಮೈಲಿಗಳಲ್ಲಿ ನೀರಿನ ಮಟ್ಟ ಇಳಿದರೆ ಕೆಳಗಿನ ನಮಗೆ ನೀರು ಹತ್ತುವುದಿಲ್ಲ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಬರುವಷ್ಟರಲ್ಲಿ ಕಾಲುವೆ ಸೊರಗಿರುತ್ತದೆ. ಟೇಲ್ ಎಂಡ್ ಎಂದರೆ ನಾವು. ತಾಲ್ಲೂಕಿನ ವರದಿಗಾರನಿಗೆ ಇದೆಲ್ಲ ಗೊತ್ತು, ಅವನ ಮನೆಯೂ ಇಲ್ಲೇ ಇರುತ್ತದೆ. ಬೆಂಗಳೂರಿನ ಡೆಸ್ಕಿನಲ್ಲಿ ಕೂತು ಬೈಟ್ ಕತ್ತರಿಸುವವರಿಗೆ ಗೊತ್ತಿರಲೇಬೇಕು ಎಂದೇನಿಲ್ಲ. "69ರಲ್ಲಿ ಗೇಜ್ ಇಲ್ರೀ" ಎಂದು ನಾವು ಕೂಗಿದರೆ ಆ ಮಾತು ಅವರಿಗೆ ಬರೀ ಗದ್ದಲ. "ಕಾಲುವೆಯ ಕೊನೆಯಲ್ಲಿರುವ ನಮಗೆ ನೀರು ಮುಟ್ಟುತ್ತಿಲ್ಲ" ಎಂದು ಮೊದಲು ಹೇಳಿ ಆಮೇಲೆ ಗೇಜಿಗೆ ಬಂದರೆ ಬೈಟ್ ಉಳಿಯುತ್ತದೆ.

ಒಂದು ಸಲ ಟೆಂಟಿನ ಹಿಂದೆ ಒಬ್ಬ ಕಾಕಾನ ಜೊತೆ ಕೂತಿದ್ದೆ. ಅರವತ್ತು ದಾಟಿದ ಮನುಷ್ಯ, ಹೆಗಲ ಮೇಲೆ ಟವೆಲ್, ಕೈಯಲ್ಲಿ ಗೊಬ್ಬರದಂಗಡಿಯ ಬಿಲ್ಲು.

"ಕಾಕಾ, ಟಿವಿಯವ್ರು ಬಂದು ಏನಾಗೈತಿ ಅಂತ ಕೇಳಿದ್ರ ಏನಂತೀರಿ?"

"ನೀರಿಲ್ಲ ಅಂತೀನಿ."

"ಅದನ್ನ ಎಲ್ಲಾರೂ ಅಂತಾರ. ನಿಮ್ಮ ಹೊಲದಾಗ ಏನಾಗೈತಿ?"

ಅವನು ಸ್ವಲ್ಪ ಹೊತ್ತು ಬಿಲ್ಲನ್ನೇ ಮಡಚಿ ಬಿಚ್ಚುತ್ತಿದ್ದ. ಆಮೇಲೆ ಹೇಳಿದ: "ಭತ್ತ ಹೊಡಿ ಬಿಚ್ಚೂ ಹೊತ್ತು. ಈಗ ನೀರು ತಪ್ಪಿದ್ರ ಕಾಳು ಕಟ್ಟಂಗಿಲ್ಲ, ಎಲ್ಲಾ ಜೊಳ್ಳು. ಆಮ್ಯಾಲ ಕಾಲುವಿ ತುಂಬಿ ಹರದ್ರೂ ಉಪಯೋಗಿಲ್ಲ. ಗೊಬ್ಬರದ ಸಾಲ ಹಂಗೇ ಐತಿ, ನೋಡು ಬಿಲ್ಲು."

ನಾನು ಬರೆದ ಯಾವ ಪ್ರೆಸ್ ನೋಟಿನಲ್ಲೂ ಇಷ್ಟು ಚೊಕ್ಕಟವಾಗಿ ವಿಷಯ ಬಂದಿಲ್ಲ. ನೀರು ಈ ವಾರವೇ ಯಾಕೆ ಬೇಕು, ಮುಂದಿನ ವಾರ ಬಂದರೆ ಯಾಕೆ ಸಾಲದು ಎಂಬುದು ಆ ಮಾತಿನಲ್ಲಿದೆ. ಅದು ಅವನೊಳಗೆ ಮೊದಲೇ ಇತ್ತು. ಯಾರಾದರೂ ಒಬ್ಬರು ಕೂತು ಕೇಳಬೇಕಿತ್ತು, ಅವನೇ ತನ್ನ ಬಾಯಿಂದ ಒಮ್ಮೆ ಕೇಳಿಸಿಕೊಳ್ಳಬೇಕಿತ್ತು.

ಮುಂದಿನ ಪ್ರಶ್ನೆ ಕಷ್ಟದ್ದು. ಅದನ್ನು ನಾವೇ ಕೇಳಿಕೊಳ್ಳದಿದ್ದರೆ ಕ್ಯಾಮೆರಾ ಕೇಳುತ್ತದೆ. "ಲೋಕಲೈಸೇಷನ್ ಪ್ರಕಾರ ಇಲ್ಲಿ ಭತ್ತ ಹಾಕೂ ಹಂಗಿಲ್ಲ. ಯಾಕ ಹಾಕಿದ್ರಿ?" ಲೋಕಲೈಸೇಷನ್ ಎಂದರೆ ಯಾವ ಹೊಲದಲ್ಲಿ ಯಾವ ಬೆಳೆಗೆ ನೀರು ಎಂದು ಸರ್ಕಾರ ಗೊತ್ತುಪಡಿಸಿದ್ದು. ಈ ಕಾಲುವೆಯನ್ನು ಕಟ್ಟಿದ್ದು ಭತ್ತದ ಮಡಿ ತುಂಬಿಸಲಿಕ್ಕಲ್ಲ. ಮಳೆ ಕೈಕೊಡುವ ಈ ಬಯಲು ಸೀಮೆಯಲ್ಲಿ ಹೆಚ್ಚು ಹೊಲಗಳಿಗೆ ಸ್ವಲ್ಪ ಸ್ವಲ್ಪ ನೀರು ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆ ಉಳಿಸುವುದು ಮೂಲ ಯೋಜನೆ. ಭತ್ತಕ್ಕೆ ಗೊತ್ತುಪಡಿಸಿದ ಜಾಗ ಕಡಿಮೆ. ಆದರೆ ಮೇಲ್ಭಾಗದಲ್ಲಿ ಆಂಧ್ರದಿಂದ ವಲಸೆ ಬಂದ ರೈತರ ಕ್ಯಾಂಪುಗಳು ಬಂದವು, ಭತ್ತ ಬಂತು, ಅಕ್ಕಿ ಗಿರಣಿ ಬಂದವು, ಸೀಮೆಯ ಹಣಕಾಸೇ ಭತ್ತದ ಸುತ್ತ ಕಟ್ಟಿಕೊಂಡಿತು. ಕೊನೆಭಾಗದವರೂ ನೀರು ಸಿಕ್ಕ ವರ್ಷ ಭತ್ತ ಹಾಕುವುದು ಕಲಿತರು.

ಇದನ್ನು ಮುಚ್ಚಿಡೋಣ, ಭತ್ತದ ಮಾತೇ ಬೇಡ, ಹತ್ತಿ ಹಾಕಿದವರನ್ನೇ ಮುಂದೆ ನಿಲ್ಲಿಸೋಣ ಎಂದು ಕೆಲವರು ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಕ್ಯಾಮೆರಾ ಹಿಂದೆ ಹಸಿರು ಮಡಿ ಕಾಣುತ್ತಿರುತ್ತದೆ, ಬಚ್ಚಿಡುವುದು ಎಲ್ಲಿ? ನಾವೇ ಮೊದಲು ಹೇಳಿಬಿಡುವುದು ವಾಸಿ. "ಹೌದ್ರೀ, ಭತ್ತ ಹಾಕೀವಿ. ಬಾಜೂ ಹೊಲದಾಗ ಹತ್ತಿ, ಮೆಣಸಿನಕಾಯಿ ಹಾಕ್ಯಾರ, ಅವ್ರಿಗೂ ನೀರು ಬಂದಿಲ್ಲ. ಅಲ್ಲೂ ನಡ್ರಿ, ತೋರಿಸ್ತೀವಿ." ಹೀಗೆ ಅಂದವನನ್ನು ವರದಿಗಾರ ಬಿಟ್ಟು ಹೋಗುವುದಿಲ್ಲ, ಹೊಲಕ್ಕೆ ಬರುತ್ತಾನೆ. ಹೊಲಕ್ಕೆ ಬಂದರೆ ಸುದ್ದಿ ಬೇರೆಯೇ ಆಗುತ್ತದೆ. ತಯಾರಿಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದ್ದು ಈ ತರಹದ ಪ್ರಶ್ನೆಗೆ. ನಮಗೆ ಅನುಕೂಲವಾದ ಪ್ರಶ್ನೆಗೆ ಉತ್ತರ ತಾನಾಗೇ ಬರುತ್ತದೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕೆಟ್ಟದ್ದು, ನೋಡಲಿಕ್ಕೆ ಸುಲಭ. "ಹಂಗಾದ್ರ ಗಂಗಾವತಿ ಕಡೆಯವ್ರು ನಿಮ್ಮ ನೀರು ಕದಿಯಾಕತ್ಯಾರ ಅಂತೀರಿ?" ಸಿಟ್ಟಿನಲ್ಲಿದ್ದ ಮನುಷ್ಯ "ಹೌದ್ರೀ, ಕದಿಯಾಕತ್ಯಾರ" ಎಂದುಬಿಡುತ್ತಾನೆ. ಪ್ರಶ್ನೆಯ ಪದ ಅವನ ಬಾಯಿಗೆ ಬಂತು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ಅದು ಅವನ ಮಾತಾಗಿರುತ್ತದೆ, ಪ್ರಶ್ನೆ ಕೇಳಿದ ದನಿ ಕತ್ತರಿಸಿರುತ್ತದೆ. ಮರುದಿನ ಮೇಲ್ಭಾಗದ ರೈತರು ಇವರಿಗೆ ಉತ್ತರ ಕೊಡುತ್ತಾರೆ, ಸುದ್ದಿ ರೈತರ ಜಗಳವಾಗುತ್ತದೆ. ಗೇಜ್ ಕಾಯಬೇಕಾದವರು, ಅಕ್ರಮ ಪಂಪ್‌ಸೆಟ್ ಕೀಳಿಸಬೇಕಾದವರು, ನೀರಾವರಿ ಸಲಹಾ ಸಮಿತಿಯಲ್ಲಿ ಕೂತು ನೀರು ಹಂಚಿದವರು ಆ ಜಗಳವನ್ನು ದೂರದಿಂದ ನೋಡುತ್ತಾರೆ. ನಮ್ಮ ಮನೆಗಳಿಂದ ಕಾರಟಗಿಗೆ ಹೆಣ್ಣು ಕೊಟ್ಟಿದ್ದೇವೆ, ಅಲ್ಲಿಂದ ತಂದಿದ್ದೇವೆ. ಒಂದು ಬೈಟಿಗಾಗಿ ಬೀಗರ ಮೇಲೆ ಕಳ್ಳತನ ಹೊರಿಸಿ ಕೂರುವುದು ಯಾರಿಗೂ ಬೇಕಾಗಿರಲಿಲ್ಲ.

ಆದ್ದರಿಂದ ಟೆಂಟಿನ ಹಿಂದೆ ನಾನು ಬೇಕೆಂತಲೇ ಈ ಪ್ರಶ್ನೆ ಕೇಳುತ್ತೇನೆ, ಅದೇ ದನಿಯಲ್ಲಿ. ಮೊದಲ ಸಲ ಎಲ್ಲರೂ "ಹೌದ್ರೀ" ಎನ್ನುತ್ತಾರೆ. ಮತ್ತೆ ಕೇಳುತ್ತೇನೆ. ಹಾಗೆ ಕೇಳುವಾಗ ಒಬ್ಬ ಅಕ್ಕ ಹೇಳಿದ ಉತ್ತರ ನನಗೆ ಇವತ್ತಿಗೂ ಸಾಕು: "ಅವ್ರೂ ರೈತ್ರೇ ಅಲ್ರೀ. ನೀರು ಸರಿಯಾಗಿ ಹಂಚ್ರಿ ಅಂತ ನಾವು ಇಲಾಖೆಗೆ ಕೇಳಾಕತ್ತೀವಿ." ಕೇಳಿದವರ ಪದವನ್ನು ತನ್ನ ಬಾಯಿಗೆ ತಂದುಕೊಳ್ಳಲಿಲ್ಲ, ಅಲ್ಲಗಳೆಯುತ್ತಲೂ ನಿಲ್ಲಲಿಲ್ಲ, ತನ್ನ ಮಾತಿಗೆ ಬಂದಳು. "ನಾವು ಕಳ್ಳರು ಅಂತಿಲ್ಲ" ಎಂದಿದ್ದರೂ ಕಳ್ಳರು ಎಂಬ ಪದ ಪರದೆಗೆ ಬಂದೇ ಬರುತ್ತಿತ್ತು.

ಅಧಿಕಾರಿಗಳ ಹೆಸರು ಹಿಡಿದು "ದುಡ್ಡು ತಿಂದಾನ" ಎನ್ನುವುದೂ ಇದೇ ಸಾಲಿಗೆ ಸೇರಿದ್ದು. ಮಾನನಷ್ಟ ಇವತ್ತಿಗೂ ನಮ್ಮಲ್ಲಿ ಅಪರಾಧವೇ, ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿದೆ. ಕೈಯಲ್ಲಿ ಕಾಗದ ಇದ್ದರೆ ಹೇಳಿ, ತೋರಿಸಿ. ಮಾಹಿತಿ ಹಕ್ಕಿನಲ್ಲಿ ಗೇಜಿನ ದಿನವಹಿ ಪುಸ್ತಕದ ನಕಲು ಕೇಳಿದರೆ 30 ದಿನದೊಳಗೆ ಉತ್ತರ ಕೊಡಬೇಕೆಂದು ಕಾನೂನಿದೆ. ನೀರು ಹರಿಯುವ ಕಾಲದಲ್ಲೇ ಅರ್ಜಿ ಹಾಕಿಟ್ಟುಕೊಂಡರೆ ನೀರು ನಿಂತ ದಿನ ಮಾತಾಡಲು ಏನಾದರೂ ಇರುತ್ತದೆ.

ಇಲ್ಲಿ ಅಂಕಿಗಳ ಬಗ್ಗೆ ಹೇಳದಿದ್ದರೆ ಆಗದು. 2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒಟ್ಟು 33 ಗೇಟುಗಳ ಡ್ಯಾಮ್, ಆಗ ತುಂಬಿ ನಿಂತಿತ್ತು. ಭಾನುವಾರ ಬೆಳಗಾಗುವಷ್ಟರಲ್ಲಿ ನಮ್ಮೆಲ್ಲರ ಫೋನಿನಲ್ಲೂ "ಡ್ಯಾಮ್ ಒಡೆದೈತಂತ" ಎಂಬ ಮಾತು. ಗೇಟ್ ಹೋಗಿದೆ ಎನ್ನುವುದು ಬೇರೆ, ಡ್ಯಾಮ್ ಒಡೆದಿದೆ ಎನ್ನುವುದು ಬೇರೆ. ಹೊಳೆದಂಡೆಯ ಕಂಪ್ಲಿ, ಆನೆಗುಂದಿ ಕಡೆಯವರಿಗೆ ಆ ಎರಡರ ನಡುವಿನ ಅಂತರ ಜೀವ ಕೈಯಲ್ಲಿ ಹಿಡಿದು ಓಡಬೇಕೋ ಬೇಡವೋ ಎಂಬಷ್ಟು ದೊಡ್ಡದು. ಅಂಥ ಹೊತ್ತಿನಲ್ಲಿ ಫೋನೋದಲ್ಲಿ, ಅಂದರೆ ಫೋನಿನಲ್ಲೇ ಚಾನೆಲ್ಲಿಗೆ ನೇರವಾಗಿ, ಮಾತಾಡುವವರು, ನಾನು ಎಲ್ಲಿ ನಿಂತಿದ್ದೇನೆ, ನನಗೆ ಏನು ಕಾಣುತ್ತಿದೆ ಎಂದಷ್ಟೇ ಹೇಳಿದರೂ ಅದು ದೊಡ್ಡ ಉಪಕಾರ.

ಆ ವಾರ ಟಿವಿಯಲ್ಲಿ ಟಿಎಂಸಿ, ಕ್ಯುಸೆಕ್ ಎರಡೂ ಒಂದೇ ಎಂಬಂತೆ ಉರುಳಾಡಿದವು. ರೈತರ ಬಾಯಲ್ಲೂ, ನಿರೂಪಕರ ಬಾಯಲ್ಲೂ. ಟಿಎಂಸಿ ಎಂದರೆ ನೀರು ಎಷ್ಟಿದೆ ಎಂಬ ಲೆಕ್ಕ, ನೂರು ಕೋಟಿ ಘನ ಅಡಿ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಎಷ್ಟು ಹರಿಯುತ್ತಿದೆ ಎಂಬ ಲೆಕ್ಕ, ಒಂದು ಕ್ಯುಸೆಕ್‌ಗೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ದಿನ ಪೂರ್ತಿ 11,574 ಕ್ಯುಸೆಕ್ ಹರಿದರೆ ಒಂದು ಟಿಎಂಸಿ. ಈ ಒಂದು ಅಂಕಿ ನೆನಪಿದ್ದರೆ ಮಾತಿನ ತೂಕವೇ ಬದಲಾಗುತ್ತದೆ. ಮುರಿದ ಗೇಟೊಂದರಿಂದಲೇ ಸುಮಾರು 35 ಸಾವಿರ ಕ್ಯುಸೆಕ್ ಹೋಗುತ್ತಿದೆ ಎಂದು ಸುದ್ದಿಯಾಯಿತು. ಹಾಗೆಂದರೆ ದಿನಕ್ಕೆ ಮೂರು ಟಿಎಂಸಿ. "ನೀರೆಲ್ಲಾ ಹೊಂಟೈತಿ" ಎಂದು ಅಳುವವನ ಜೊತೆಗೆ "ದಿನಕ್ಕ ಮೂರು ಟಿಎಂಸಿ ಹೊಳಿಗೆ ಹೊಂಟೈತಿ, ಹಿಂಗಾದ್ರ ಎರಡನೇ ಬೆಳಿಗೆ ಏನು ಉಳೀತೈತಿ ಹೇಳ್ರಿ" ಎನ್ನುವವನೂ ಒಬ್ಬ ಇರಬೇಕು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಗೇಟಿನ ಜಾಗಕ್ಕೆ ಅಡ್ಡವಾಗಿ ಸ್ಟಾಪ್‌ಲಾಗ್ ಎಂಬ ಉಕ್ಕಿನ ತಡೆಗಳನ್ನು ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದರು. ಆಮೇಲೆ ಮಳೆ ಕೈಹಿಡಿಯಿತು. ಆ ಒಂದು ವಾರ ನಮ್ಮ ಸೀಮೆಯಲ್ಲಿ ಯಾರೂ ನೆಮ್ಮದಿಯಾಗಿ ಉಣ್ಣಲಿಲ್ಲ.

ಅಂಕಿ ನೆನಪಿಲ್ಲದಿದ್ದರೆ ಹೇಳಬಾರದು, ಅಷ್ಟೇ. ನಮ್ಮವರಿಗೆ "ಗೊತ್ತಿಲ್ಲ" ಎನ್ನಲು ಸಂಕೋಚ. ಕ್ಯಾಮೆರಾ ಮುಂದೆ ಗೊತ್ತಿಲ್ಲ ಅಂದರೆ ಊರಲ್ಲಿ ಮರ್ಯಾದೆ ಹೋಗುತ್ತದೆ ಎಂದುಕೊಂಡು ಬಾಯಿಗೆ ಬಂದ ಎಕರೆ, ಬಾಯಿಗೆ ಬಂದ ಕೋಟಿ ಹೇಳಿಬಿಡುತ್ತಾರೆ. ಎದುರಿನವರು ಆ ಒಂದು ತಪ್ಪು ಅಂಕಿಯನ್ನು ಹಿಡಿದು ಉಳಿದ ನಿಜವನ್ನೆಲ್ಲ ಸುಳ್ಳು ಮಾಡುತ್ತಾರೆ. "ಅದರ ಲೆಕ್ಕ ನನಗ ಗೊತ್ತಿಲ್ರೀ, ನನ್ನ ಹೊಲದ್ದು ಹೇಳ್ತೀನಿ" ಎನ್ನುವುದರಲ್ಲಿ ಕಡಿಮೆಯಾಗುವಂಥದ್ದು ಏನೂ ಇಲ್ಲ.

ಭಾಷೆಯ ಬಗ್ಗೆಯೂ ನನಗೆ ಬಲವಾದ ಅಭಿಪ್ರಾಯವಿದೆ. ಲೋಗೋ ಎದುರಿಗೆ ಬಂದ ಕೂಡಲೇ ನಮ್ಮವರು "ನಾವುಗಳು ಈ ಮೂಲಕ ಸರ್ಕಾರಕ್ಕೆ ಏನು ಹೇಳಬಯಸುತ್ತೇವೆಂದರೆ" ಎಂದು ಮನವಿಪತ್ರದ ಕನ್ನಡಕ್ಕೆ ಹೋಗುತ್ತಾರೆ. ಆ ವಾಕ್ಯ ಮುಗಿಯುವಷ್ಟರಲ್ಲಿ ಇಪ್ಪತ್ತು ಸೆಕೆಂಡು ಮುಗಿದಿರುತ್ತದೆ. ಮನೆಯಲ್ಲಿ, ಕಟ್ಟೆಯಲ್ಲಿ ಮಾತಾಡುವ ಹಾಗೆ ಮಾತಾಡಿ. ರಾಯಚೂರು ಸೀಮೆಯ ಮಾತು ರಾಜ್ಯಕ್ಕೆಲ್ಲ ತಿಳಿಯುತ್ತದೆ, ತಿಳಿಯದಿದ್ದರೆ ಕೆಳಗೆ ಅಕ್ಷರ ಹಾಕಿಕೊಳ್ಳಲಿ.

ಎಲ್ಲ ದುಃಖಕ್ಕೂ ಈ ತಯಾರಿಯ ಮಾತು ಹೊಂದುವುದಿಲ್ಲ ಎಂಬುದೂ ನನಗೆ ಗೊತ್ತು. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ತೀರಿಕೊಂಡಾಗ ಅವರ ಮನೆಯವರ ಮಾತುಗಳನ್ನು ಟಿವಿಯಲ್ಲಿ ನೋಡಿದೆ. ಕೂಸನ್ನು ಎತ್ತಿಕೊಂಡು ನಿಂತವರಿಗೆ ಏನು ತಯಾರಿ, ಏನು ಬೈಟು? ಅಂಥವರ ಬದಲಿಗೆ ನಿಲ್ಲಲು ಒಬ್ಬರು ಬೇಕು. ಮನೆಯ ಹಿರಿಯರೋ, ಊರಿನ ನಂಬಿಗಸ್ತರೋ ಮುಂದೆ ಬಂದು, "ಈಗ ಬ್ಯಾಡ್ರೀ, ಮಣ್ಣು ಆಗಲಿ, ಆಮ್ಯಾಲ ನಾವೇ ಮಾತಾಡ್ತೀವಿ" ಎನ್ನಬೇಕು. ಮಾತಾಡಲೇಬೇಕೆಂಬ ಕಾನೂನು ಎಲ್ಲೂ ಇಲ್ಲ. ಹಾಗೆ ಕೇಳಿಕೊಂಡಾಗ ಹಿಂದೆ ಸರಿದ ವರದಿಗಾರರನ್ನೂ ನಾನು ಕಂಡಿದ್ದೇನೆ, ಅವರೂ ಮನೆಮಠ ಉಳ್ಳವರೇ. ಒಂದು ಕಡೆ ಮಾತ್ರ ಕಟ್ಟುನಿಟ್ಟು ಬೇಕೇ ಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಹೆಸರು, ಮನೆ, ಶಾಲೆ, ಗುರುತು ಸಿಗುವ ಯಾವುದೂ ನಮ್ಮ ಬಾಯಿಂದ ಬರಬಾರದು. ಮಗುವಾದರಂತೂ ಊರಿನ ಹೆಸರನ್ನೂ ಆಡಬಾರದು. ಕಾನೂನೂ ಅದನ್ನೇ ಹೇಳುತ್ತದೆ.

ಪತ್ರಿಕೆಯವರ ಜೊತೆಗಿನ ಮಾತು ಸ್ವಲ್ಪ ಬೇರೆ. ಅವರು ಕೂತು ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಸಂಜೆ ಜಿಲ್ಲಾ ಪುಟ ಮುಗಿಯುವ ಮೊದಲು ಫೋನ್ ಮಾಡಿ ಒಂದು ಹೆಸರು, ಒಂದು ಅಂಕಿ ಖಚಿತ ಮಾಡಿಕೊಳ್ಳುತ್ತಾರೆ. ಆ ಫೋನ್ ಎತ್ತಬೇಕು. ಪ್ರೆಸ್ ನೋಟಿನಲ್ಲಿ ಫೋನ್ ನಂಬರ್ ಕೊಟ್ಟು, ಸಂಜೆ ಸ್ವಿಚ್ ಆಫ್ ಮಾಡಿ ಕೂತರೆ ತಪ್ಪು ಅಚ್ಚಾದದ್ದಕ್ಕೆ ಅವರನ್ನೊಬ್ಬರನ್ನೇ ದೂರುವಂತಿಲ್ಲ. ಚಹಾ ಕುಡಿಯುತ್ತ ಆಡಿದ ಮಾತೂ ಮಾತೇ. "ಇದನ್ನ ಬರೀಬ್ಯಾಡ್ರಿ" ಎನ್ನುವುದಿದ್ದರೆ ಮಾತಿಗೆ ಮೊದಲು ಹೇಳಿ, ಅವರು ಹ್ಞೂಂ ಅಂದ ಮೇಲೆ ಬಾಯಿ ಬಿಡಬೇಕು. ಆಡಿದ ಮೇಲೆ ಹೇಳಿದರೆ ಬರೆಯುವುದು ಬಿಡುವುದು ಅವರ ದೊಡ್ಡತನ.

ತಪ್ಪು ಬಂದರೆ? ಮೊದಲು ವರದಿಗಾರನಿಗೇ ಫೋನ್, ಸಿಟ್ಟಿಲ್ಲದೆ. ಬಹಳಷ್ಟು ಅಲ್ಲೇ ಸರಿಹೋಗುತ್ತದೆ. ಸರಿಹೋಗದಿದ್ದರೆ ಪತ್ರಿಕೆಗೆ ಸಂಬಂಧಿಸಿದಂತೆ ಭಾರತೀಯ ಪತ್ರಿಕಾ ಮಂಡಳಿ ಇದೆ. ಚಾನೆಲ್ಲಾದರೆ ಮೊದಲು ಆ ಚಾನೆಲ್ಲಿಗೇ ಲಿಖಿತ ದೂರು, ತಡಮಾಡದೆ. ದಿನ, ವೇಳೆ, ಕಾರ್ಯಕ್ರಮದ ಹೆಸರು ಬರೆದಿಟ್ಟುಕೊಂಡಿರಬೇಕು. ನಮ್ಮ ಬೈಟನ್ನು ನಮ್ಮ ಹುಡುಗನೊಬ್ಬ ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಪೂರ್ತಿ ಹಿಡಿದುಕೊಂಡಿದ್ದರೆ ಇನ್ನೂ ಒಳ್ಳೆಯದು. ಈಗ ನಾವು ಅದನ್ನು ರೂಢಿ ಮಾಡಿಕೊಂಡಿದ್ದೇವೆ. ವರದಿಗಾರರು ಬೇಸರ ಮಾಡಿಕೊಂಡಿಲ್ಲ, ಕೆಲವರು ತಮ್ಮದು ಸರಿ ಬಂದಿಲ್ಲವೆಂದು ನಮ್ಮ ವಿಡಿಯೊ ಕೇಳಿ ಪಡೆದದ್ದೂ ಇದೆ.

ಗೇಟ್ ಹೋದ ಮರುವರ್ಷ, 2025ರಲ್ಲಿ, ಉಳಿದ ಗೇಟುಗಳ ಸ್ಥಿತಿ ನೋಡಿ ಜಲಾಶಯದಲ್ಲಿ 80 ಟಿಎಂಸಿಯಷ್ಟೇ ನಿಲ್ಲಿಸಿದರು. ಡ್ಯಾಮ್ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳು ತುಂಬಿ ಅದು 105.788ಕ್ಕೆ ಇಳಿದಿತ್ತು, ಆ ವರ್ಷ ಗೇಟಿನ ಸಲುವಾಗಿ ಮತ್ತೂ ಕಡಿಮೆಯಾಯಿತು. ನೀರು ಕಡಿಮೆಯಾದಾಗಲೆಲ್ಲ ಮೊದಲು ಒಣಗುವುದು ಕೊನೆಭಾಗ. ಹಾಗಾಗಿ ಕ್ಯಾಮೆರಾಗಳು ಮತ್ತೆ ಬರುತ್ತವೆ. ಹೂಳಿನಿಂದ ಕಳೆದುಕೊಂಡ ನೀರನ್ನು ಹಿಡಿಯಲು ಕಟ್ಟಬೇಕೆಂಬ ನವಲಿಯ ಸಮಾನಾಂತರ ಜಲಾಶಯದಿಂದ ಹಿಡಿದು ಬೆಳೆ ಪರಿಹಾರದವರೆಗೆ ನಮ್ಮ ಬೇಡಿಕೆಗಳ ಪಟ್ಟಿ ಉದ್ದವಿದೆ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಯಾವುದೂ ಉಳಿಯದಂತೆ ಮಾಡಿಕೊಳ್ಳುವುದು ಬೇಡ ಎಂದು ನಮ್ಮವರಿಗೆ ಹೇಳುತ್ತಿದ್ದೇನೆ. ಸಲಹಾ ಸಮಿತಿ ಸಭೆಗೆ ಮೊದಲೇ ಊರೂರಲ್ಲಿ ಕೂತು ಒಂದು ಪ್ರಶ್ನೆ ಆರಿಸಿಕೊಳ್ಳೋಣ. ನನ್ನನ್ನು ಕೇಳಿದರೆ ಈ ಸಲದ್ದು ಇದು: 69ನೇ ಮೈಲಿಯಲ್ಲೂ 104ನೇ ಮೈಲಿಯಲ್ಲೂ ದಿನಾ ಬೆಳಿಗ್ಗೆ ಗೇಜ್ ಎಷ್ಟಿದೆ ಎಂಬುದನ್ನು ಇಲಾಖೆ ಎಲ್ಲರಿಗೂ ಕಾಣುವ ಹಾಗೆ ಯಾವತ್ತಿನಿಂದ ಹಾಕುತ್ತದೆ? ಇದಕ್ಕಿಂತ ಒಳ್ಳೆಯ ಪ್ರಶ್ನೆ ನಿಮ್ಮ ಊರಲ್ಲಿದ್ದರೆ ಅದನ್ನೇ ಕೇಳೋಣ.